ಬಾಸ್ ಕಾಟ ತಡೆಯೋಕೆ ಆಗ್ತಿಲ್ವಾ? ರಾಜೀನಾಮೆಗೆ ಮುಂಚೆ ಇಷ್ಟು ಮಾಡಿ

ರಾಜೀನಾಮೆ ಪತ್ರ ಟೈಪ್ ಮಾಡಿ, ಕಳಿಸದೆ ಡ್ರಾಫ್ಟ್‌ನಲ್ಲಿ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಯಾಕೆ ಅಂತ ಕೇಳಿದರೆ ಸಂಬಳ ಸಾಲಲ್ಲ, ದೂರ ಆಗುತ್ತೆ, ಟ್ರಾಫಿಕ್ ಅಂತ ಏನೇನೋ ಹೇಳುತ್ತಾರೆ. ಕೂರಿಸಿ ಒಂದು ಲೋಟ ಟೀ ಕುಡಿಸಿದರೆ ನಿಜ ಹೊರಗೆ ಬರುತ್ತೆ. ಬಾಸ್ ಕಾಟ.

ಈ ಬಾಸ್ ಐಟಿ ಕಂಪನಿಯ ಮ್ಯಾನೇಜರ್ ಇರಬಹುದು. ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ಇರಬಹುದು, ತಾಲ್ಲೂಕು ಕಚೇರಿಯ ಸಾಹೇಬರು ಇರಬಹುದು, ಚಿಕ್ಕಪೇಟೆಯ ಅಂಗಡಿ ಮಾಲೀಕರೂ ಇರಬಹುದು. ಆದರೆ ಕೂಗಾಡುವವರು, ಹೇಳಿದ್ದನ್ನು ಹೇಳಿಲ್ಲ ಅನ್ನುವವರು, ನಿಮ್ಮ ಕೆಲಸಕ್ಕೆ ತಮ್ಮ ಹೆಸರು ಹಾಕಿಕೊಳ್ಳುವವರು, ಎಲ್ಲರಿಗೂ ಒಂದು ಅನುಕೂಲ ಇದೆ. ನಡೆದದ್ದಕ್ಕೆ ದಾಖಲೆ ಇರುವುದಿಲ್ಲ. ಬಾಯಿಮಾತು ಗಾಳಿಗೆ ಹೋಗುತ್ತೆ. ಆ ಮಾತನ್ನು ಬರಹಕ್ಕೆ ತರುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕಾಟ ತಾನಾಗಿ ಕಡಿಮೆ ಆಗುತ್ತೆ. ಉಳಿದರ್ಧಕ್ಕೆ ಹೋರಾಡಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತೆ. ಕೆಳಗಿನ ಹೆಜ್ಜೆಗಳೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ಇವೆ.

ಅಲ್ಲಿಯವರೆಗೆ ಆ ಡ್ರಾಫ್ಟ್ ಅಲ್ಲೇ ಇರಲಿ. ಕೋಪದಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಹೆಜ್ಜೆ 1: ಎರಡು ವಾರ ಬರೀ ನೋಡಿ

ಮೊದಲು ಏನೂ ಮಾಡಬೇಡಿ, ಗಮನಿಸಿ. ಬಾಸ್ ಯಾವಾಗ ಸಿಡುಕುತ್ತಾರೆ? ಸೋಮವಾರದ ಮೀಟಿಂಗ್ ಮುಗಿದ ಮೇಲಾ? ತಿಂಗಳ ಕೊನೆಯಲ್ಲಾ? ಮೇಲಿನವರ ಫೋನ್ ಬಂದ ಮೇಲಾ? ನಿಮ್ಮೊಬ್ಬರ ಮೇಲಾ, ಎಲ್ಲರ ಮೇಲಾ?

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋದು ಆಫೀಸಿನಲ್ಲಿ ದಿನವೂ ನಡೆಯುವ ವ್ಯವಹಾರ. ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಫ್ಲೋರ್‌ನಲ್ಲಿ ಇದು ಕಣ್ಣಿಗೆ ಕಾಣುತ್ತೆ. ಲೈನಿನ ತುದಿಯಲ್ಲಿ ಬೋರ್ಡ್ ಇರುತ್ತೆ. ಗಂಟೆಗೆ ಇಷ್ಟು ಪೀಸ್ ಟಾರ್ಗೆಟ್, ಆದದ್ದು ಇಷ್ಟು ಅಂತ ಗಂಟೆ ಗಂಟೆಗೂ ಬರೆಯುತ್ತಾರೆ. ಟಾರ್ಗೆಟ್ ತಪ್ಪಿದರೆ ಪ್ರೊಡಕ್ಷನ್ ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜ್‌ಗೆ ಬೈಯುತ್ತಾರೆ, ಇನ್‌ಚಾರ್ಜ್ ಸೂಪರ್‌ವೈಸರ್‌ಗೆ, ಸೂಪರ್‌ವೈಸರ್ ಮಷಿನ್ ಮೇಲೆ ಕೂತ ಹೆಂಗಸಿಗೆ. ಆಕೆಗೆ ಬೈಯಲು ಯಾರೂ ಇಲ್ಲ. ಕಣ್ಣು ಒರೆಸಿಕೊಂಡು ಮುಂದಿನ ಬಂಡಲ್ ಎತ್ತಿಕೊಳ್ಳುತ್ತಾರೆ.

ಇದನ್ನು ಬಾಸ್‌ಗೆ ಮಾಫಿ ಕೊಡಿ ಅಂತ ಹೇಳುತ್ತಿಲ್ಲ. ಬೈಗುಳ ಬೈಗುಳವೇ. ಆದರೆ ಕಾಟದ ಮೂಲ ಗೊತ್ತಾದರೆ ಮದ್ದು ಹುಡುಕುವುದು ಸುಲಭ. ಹೆದರಿಕೆಯಿಂದ ಪ್ರತಿಯೊಂದಕ್ಕೂ ಮೂಗು ತೂರಿಸುವ ಬಾಸ್‌ಗೆ ಮಾಹಿತಿ ಬೇಕು. ದಿನಕ್ಕೊಂದು ಮಾತಾಡುವ ಬಾಸ್‌ಗೆ ಬರಹ ಬೇಕು. ಬಾಯಿ ಹರಿಬಿಡುವ ಬಾಸ್‌ಗೆ ಗಡಿ ಬೇಕು. ಇನ್ನು ಮೈಮೇಲೆ ಕೈ ಹಾಕುವುದು, ಜಾತಿ ಎತ್ತಿ ಬೈಯುವುದು, ಸಂಬಳ ಹಿಡಿಯುವುದು, ಇವು ಸ್ವಭಾವದ ವಿಷಯವಲ್ಲ, ಕಾನೂನಿನ ವಿಷಯ. ಅಲ್ಲಿ ಎರಡು ವಾರ ನೋಡುತ್ತಾ ಕೂರಬೇಡಿ. ನೇರ ಹೆಜ್ಜೆ 6ಕ್ಕೆ ಹೋಗಿ.

ಇನ್ನೊಂದು ಕಹಿ ಪ್ರಶ್ನೆಯನ್ನೂ ನಿಮಗೆ ನೀವೇ ಕೇಳಿಕೊಳ್ಳಿ. ಬಾಸ್ ಹೇಳುವುದರಲ್ಲಿ ನಿಜ ಎಷ್ಟಿದೆ? ಹೇಳುವ ರೀತಿ ಕೆಟ್ಟದಾಗಿದ್ದರೂ ಹೇಳಿದ ವಿಷಯ ಸರಿ ಇರಬಹುದು. ಅದನ್ನು ತಿದ್ದಿಕೊಂಡರೆ ಅವರ ಕೈಯಲ್ಲಿದ್ದ ಒಂದು ಕೋಲು ಕಿತ್ತುಕೊಂಡ ಹಾಗೆ.

ಹೆಜ್ಜೆ 2: ಒಂದು ನೋಟ್‌ಬುಕ್ ಇಡಿ

ಮೂವತ್ತು ರೂಪಾಯಿಯ ಸಾದಾ ನೋಟ್‌ಬುಕ್ ಸಾಕು. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಬರೆಯಬೇಡಿ. ಅದು ಕಂಪನಿಯ ಸ್ವತ್ತು, ಯಾವತ್ತು ಬೇಕಾದರೂ ವಾಪಸ್ ಕೇಳುತ್ತಾರೆ. ನಡೆದ ದಿನವೇ ಬರೆಯಿರಿ. ವಾರ ಕಳೆದು ಬರೆದರೆ ಕೋಪ ಉಳಿದಿರುತ್ತೆ, ವಿವರ ಹೋಗಿರುತ್ತೆ.

ಹೀಗಿರಲಿ:

"ಮಂಗಳವಾರ, ಬೆಳಿಗ್ಗೆ 11.40. ಎರಡನೇ ಮಹಡಿ ಮೀಟಿಂಗ್ ರೂಮ್. ನಾನು ಕಳಿಸಿದ ರಿಪೋರ್ಟ್‌ನಲ್ಲಿ ಒಂದು ಕಾಲಂ ಬಿಟ್ಟುಹೋಗಿತ್ತು. 'ನಿನಗೆ ಕೆಲಸ ಕೊಟ್ಟವನಿಗೆ ಹೊಡೀಬೇಕು, ಊರಿಗೆ ಹೋಗಿ ಎಮ್ಮೆ ಕಾಯಿ' ಅಂದರು. ಟೀಮಿನ ಐದು ಜನ ಇದ್ದರು. 12.15ಕ್ಕೆ ಕಾಲಂ ಸೇರಿಸಿ ಮತ್ತೆ ಮೇಲ್ ಮಾಡಿದೆ."

ನೋಡಿ, ಇದರಲ್ಲಿ "ಅವರು ರಾಕ್ಷಸ", "ನನ್ನನ್ನು ಕಂಡರೆ ಆಗಲ್ಲ" ಅಂತೆಲ್ಲ ಇಲ್ಲ. ದಿನ, ಹೊತ್ತು, ಜಾಗ, ಆಡಿದ ಮಾತು ಇದ್ದ ಹಾಗೇ, ಯಾರಿದ್ದರು, ಆಮೇಲೆ ನೀವೇನು ಮಾಡಿದಿರಿ. ನಿಮ್ಮ ತಪ್ಪಿದ್ದರೆ ಅದೂ ಇರಲಿ. ನಾಳೆ ಎಚ್‌ಆರ್ ಮುಂದೆಯೋ ಸಮಿತಿ ಮುಂದೆಯೋ ಕೂತಾಗ ಇಂಥ ಹತ್ತು ಟಿಪ್ಪಣಿಗೆ ಇರುವ ತೂಕ, "ಯಾವಾಗಲೂ ಬೈತಾರೆ ಮೇಡಂ" ಅನ್ನುವ ಒಂದು ಮಾತಿಗೆ ಇರಲ್ಲ.

ವಾಟ್ಸಾಪ್‌ನಲ್ಲಿ ಬಂದ ಕೆಟ್ಟ ಮೆಸೇಜ್‌ನ ಸ್ಕ್ರೀನ್‌ಶಾಟ್ ತಕ್ಷಣ ತೆಗೆದಿಡಿ. ಅದರಲ್ಲಿ ದಿನಾಂಕ, ಸಮಯ ಕಾಣಲಿ. ರಾತ್ರಿ ಕಳಿಸಿ ಬೆಳಿಗ್ಗೆ ಡಿಲೀಟ್ ಮಾಡುವವರು ಬೇಕಾದಷ್ಟಿದ್ದಾರೆ. ಆದರೆ ಎರಡು ಕೆಲಸ ಮಾತ್ರ ಮಾಡಬೇಡಿ. ಆಫೀಸ್ ಮೇಲ್‌ಗಳನ್ನೆಲ್ಲ ರಾಶಿಯಾಗಿ ನಿಮ್ಮ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಕಂಪನಿ ಮಾಹಿತಿ ಹೊರಗೆ ಸಾಗಿಸಿದ ಅಂತ ನಿಮ್ಮ ಮೇಲೇ ಕೇಸು ತಿರುಗಿಸುತ್ತಾರೆ. ಹಾಗೇ, ಸ್ಕ್ರೀನ್‌ಶಾಟ್‌ಗಳನ್ನು ಗೆಳೆಯರ ಗುಂಪಿಗೆ ಹಾಕಬೇಡಿ. ಆ ಗುಂಪಿನಲ್ಲಿ ಯಾರೋ ಒಬ್ಬರಿಗೆ ಬಾಸ್ ಬೇಕಾದವರಾಗಿರುತ್ತಾರೆ.

ಹೆಜ್ಜೆ 3: ಬಾಯಿಮಾತನ್ನು ಮೇಲ್ ಮಾಡಿ

ಇದೇ ಮುಖ್ಯವಾದ ಹೆಜ್ಜೆ. "ನಾನು ಹಾಗೆ ಹೇಳೇ ಇಲ್ಲ" ಅನ್ನುವ ಬಾಸ್‌ಗೆ ಇದಕ್ಕಿಂತ ಒಳ್ಳೆ ಮದ್ದು ನಾನು ಕಂಡಿಲ್ಲ.

ಕಾರಿಡಾರ್‌ನಲ್ಲಿ ನಿಲ್ಲಿಸಿ ಕೆಲಸ ಹೇಳಿದರಾ? ಸೀಟಿಗೆ ಬಂದು, ಅರ್ಧ ಗಂಟೆಯೊಳಗೆ ಒಂದು ಮೇಲ್:

"ಸರ್, ಬೆಳಿಗ್ಗೆ ಮಾತಾಡಿದ ಪ್ರಕಾರ ಮೈಸೂರಿನ ರಿಪೋರ್ಟ್ ಮೊದಲು ಮುಗಿಸಿ ಬುಧವಾರ ಸಂಜೆಗೆ ಕೊಡುತ್ತೇನೆ. ಹುಬ್ಬಳ್ಳಿಯದು ಶುಕ್ರವಾರಕ್ಕೆ. ಬದಲಾವಣೆ ಏನಾದರೂ ಇದ್ದರೆ ಇವತ್ತೇ ತಿಳಿಸಿ. ಧನ್ಯವಾದ."

ಇಷ್ಟೇ. ಇಂಗ್ಲಿಷ್‌ನಲ್ಲಿ ವ್ಯವಹಾರ ಇದ್ದರೆ ಇದನ್ನೇ ಇಂಗ್ಲಿಷ್‌ನಲ್ಲಿ ಬರೆಯಿರಿ. ಮಂಗಳವಾರ ಬಂದು "ಹುಬ್ಬಳ್ಳಿಯದು ಎಲ್ಲಿ? ಅದೇ ಮೊದಲು ಅಂದಿದ್ದೆನಲ್ಲ" ಅಂದರೆ ವಾದ ಮಾಡಬೇಕಿಲ್ಲ. "ಸರ್, ಸೋಮವಾರ ಮೇಲ್ ಹಾಕಿದ್ದೆ, ನೋಡ್ತೀರಾ? ಈಗ ಹುಬ್ಬಳ್ಳಿಯದು ಮೊದಲು ಬೇಕಂದ್ರೆ ಮೈಸೂರಿನದು ನಿಲ್ಲಿಸಿ ಅದನ್ನೇ ಮಾಡ್ತೀನಿ" ಅನ್ನಿ. ಎರಡು ಮೂರು ಸಲ ಹೀಗಾದರೆ ಬಾಸ್ ಮಾತು ಬದಲಿಸುವ ಮುಂಚೆ ತಾವೇ ಮೇಲ್ ತೆಗೆದು ನೋಡಿಕೊಳ್ಳುತ್ತಾರೆ.

ಬರೆಯುವ ದನಿ ಮುಖ್ಯ. "ನೀವೇ ಹೇಳಿದ್ದರಿಂದ", "ಮತ್ತೊಮ್ಮೆ ನೆನಪಿಸುತ್ತಿದ್ದೇನೆ" ಅಂತ ಕುಟುಕಬೇಡಿ. ಓದಿದವರಿಗೆ ಇವನು ಜವಾಬ್ದಾರಿ ಇರುವ ಹುಡುಗ ಅನ್ನಿಸಬೇಕು, ಜಗಳಕ್ಕೆ ಸಾಕ್ಷಿ ಕೂಡಿಡುತ್ತಿದ್ದಾನೆ ಅನ್ನಿಸಬಾರದು. ಎಲ್ಲ ಸಣ್ಣಪುಟ್ಟದಕ್ಕೂ ಬರೆಯಬೇಡಿ. ದಿನಾಂಕ, ದುಡ್ಡು, ಗ್ರಾಹಕರು, ಜವಾಬ್ದಾರಿ ಇವು ಇದ್ದ ಕಡೆ ಮಾತ್ರ. ಬಾಸ್‌ನ ಬಾಸ್‌ಗೆ ಸಿಸಿ ಹಾಕುವ ಚಪಲ ಬೇಡ. ಅದು ಯುದ್ಧ ಸಾರಿದ ಹಾಗೆ, ಒಮ್ಮೆ ಮಾಡಿದರೆ ಹಿಂದಕ್ಕೆ ತೆಗೆದುಕೊಳ್ಳೋಕೆ ಆಗಲ್ಲ.

ಮೇಲ್ ಇಲ್ಲದ ಅಂಗಡಿ, ಸಣ್ಣ ಆಫೀಸು, ಗೋಡೌನ್‌ಗಳಲ್ಲಿ ವಾಟ್ಸಾಪ್ ಸಾಕು. "ಅಣ್ಣ, 40 ಚೀಲ ಇಳಿಸ್ಕೊಂಡೆ, ಎರಡು ಹರಿದಿತ್ತು, ಫೋಟೋ ಹಾಕಿದ್ದೀನಿ" ಅಂತ ಅವತ್ತೇ ಕಳಿಸಿ. ತಿಂಗಳ ಕೊನೆಗೆ ಆ ಎರಡು ಚೀಲದ ದುಡ್ಡು ನಿಮ್ಮ ಸಂಬಳದಲ್ಲಿ ಮುರಿದುಕೊಳ್ಳಲು ಹೊರಟಾಗ ಆ ಫೋಟೋ ನಿಮ್ಮ ಪರವಾಗಿ ಮಾತಾಡುತ್ತೆ.

ಸರ್ಕಾರಿ ಕಚೇರಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ಮೌಖಿಕ ಆದೇಶವೇ ದೊಡ್ಡ ಅಪಾಯ. "ಫೈಲ್ ಮುಂದಕ್ಕೆ ಹಾಕ್ರೀ, ನಾನಿದ್ದೀನಿ" ಅಂದ ಸಾಹೇಬರು ವರ್ಗವಾಗಿ ಹೋಗುತ್ತಾರೆ. ಆಡಿಟ್ ಬಂದಾಗ ಕಾರಣ ಕೇಳಿ ನೋಟಿಸ್ ಬರುವುದು ಸಹಿ ಮಾಡಿದ ಗುಮಾಸ್ತರಿಗೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲೇ ಈ ಮಾತಿದೆ: ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಬರಹದಲ್ಲಿ ಇರಬೇಕು. ಅನಿವಾರ್ಯವಾಗಿ ಬಾಯಲ್ಲಿ ಹೇಳಿದರೆ ಕೂಡಲೇ ಬರಹದಲ್ಲಿ ಖಚಿತಪಡಿಸಬೇಕು. ಕೆಳಗಿನ ನೌಕರ ಹಾಗೆ ಖಚಿತಪಡಿಸಿ ಅಂತ ಕೇಳಿ ಪಡೆಯಬೇಕು. ಎಲ್ಲಿ ಕೆಲಸ ಮಾಡುತ್ತಿದ್ದರೂ ಇದು ಒಳ್ಳೆಯ ಪದ್ಧತಿ. ಕಡತದ ಟಿಪ್ಪಣಿಯಲ್ಲಿ "ಮಾನ್ಯರು ಇಂದು ಮೌಖಿಕವಾಗಿ ನಿರ್ದೇಶಿಸಿದಂತೆ ಮಂಡಿಸಿದೆ, ಸೂಕ್ತ ಆದೇಶಕ್ಕಾಗಿ" ಅಂತ ಒಂದು ಸಾಲು ಸೇರಿಸಿ. ಸಾಹೇಬರು ಸಹಿ ಹಾಕಿದರೆ ನೀವು ಕ್ಷೇಮ. ಹಾಕದೆ ವಾಪಸ್ ಕಳಿಸಿದರೆ, ಆ ಕೆಲಸ ಎಂಥದ್ದು ಅಂತ ಅವರೇ ಹೇಳಿದಂತಾಯ್ತು.

ನಿಮ್ಮ ಕೆಲಸವನ್ನು ತಮ್ಮದು ಅಂತ ತೋರಿಸಿಕೊಳ್ಳುವ ಬಾಸ್‌ಗೂ ಇದೇ ದಾರಿ. ಕೆಲಸ ಮುಗಿಯುವವರೆಗೆ ಕಾಯಬೇಡಿ. ನಡುನಡುವೆ ಟೀಮಿನ ಎಲ್ಲರಿಗೂ ಹೋಗುವ ಹಾಗೆ "ಮೊದಲ ಭಾಗ ಮುಗಿಯಿತು, ಲಗತ್ತಿಸಿದ್ದೇನೆ" ಅಂತ ಹಾಕುತ್ತಾ ಇರಿ. ಮೀಟಿಂಗ್‌ನಲ್ಲಿ "ಅದು ನಾನು ಮಾಡಿದ್ದು" ಅಂತ ಎದ್ದು ನಿಂತರೆ ಚಿಕ್ಕವರಾಗುತ್ತೀರಿ. ವಿವರದ ಪ್ರಶ್ನೆ ಬಂದಾಗ ಥಟ್ಟನೆ ಉತ್ತರ ಕೊಟ್ಟರೆ ಯಾರು ಮಾಡಿದ್ದು ಅಂತ ಕೂತವರಿಗೆ ತಾನಾಗಿ ತಿಳಿಯುತ್ತೆ.

ಹೆಜ್ಜೆ 4: ಕೇಳುವ ಮುಂಚೆ ಹೇಳಿಬಿಡಿ

ಗಂಟೆಗೊಮ್ಮೆ "ಆಯ್ತಾ? ಎಲ್ಲಿಗೆ ಬಂತು?" ಅಂತ ಬೆನ್ನು ಹತ್ತುವ ಬಾಸ್‌ಗಳಿರುತ್ತಾರೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಮ್ಯಾನೇಜರ್ ಒಬ್ಬರು ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದರು. ಮಾತಿಲ್ಲ. ಕಾರ್ ಕೀಯಿಂದ ಪಾರ್ಟಿಷನ್ ಮೇಲೆ ಟಕ್ ಟಕ್ ಅಂತ ಬಡಿಯುತ್ತಾ ಸ್ಕ್ರೀನ್ ನೋಡುತ್ತಿದ್ದರು. ಆ ಸದ್ದಿಗೆ ಬೆರಳು ಕೀಬೋರ್ಡ್ ಮೇಲೆ ನಿಲ್ಲುತ್ತಿರಲಿಲ್ಲ. ನನ್ನ ಪಕ್ಕದ ಸೀಟಿನವರು ದಿನವೂ ಬಂದ ಕೂಡಲೇ ಅವರಿಗೆ ಮೂರು ಸಾಲು ಕಳಿಸಲು ಶುರು ಮಾಡಿದರು. ನಿನ್ನೆ ಏನಾಯ್ತು, ಇವತ್ತು ಏನು ಮಾಡ್ತೀನಿ, ಎಲ್ಲಿ ಸಿಕ್ಕಿಕೊಂಡಿದೆ. ಸಂಜೆ ಹೊರಡುವ ಮುಂಚೆ ಇನ್ನೊಂದು ಸಾಲು. ಕೆಲವೇ ವಾರದಲ್ಲಿ ಟಕ್ ಟಕ್ ಅವರ ಕುರ್ಚಿ ಬಿಟ್ಟು ನನ್ನ ಕುರ್ಚಿಯ ಹಿಂದೆ ಜಾಸ್ತಿ ಆಯ್ತು. ಆಮೇಲೆ ನಾನೂ ಕಳಿಸಲು ಶುರು ಮಾಡಿದೆ ಅನ್ನಿ.

ಇಂಥವರಿಗೆ ನಿಮ್ಮ ಮೇಲೆ ದ್ವೇಷ ಇರಲ್ಲ. ಮೇಲಿನವರು ಕೇಳಿದಾಗ ಉತ್ತರ ಇಲ್ಲದೆ ತಡವರಿಸುವ ಭಯ ಇರುತ್ತೆ. ಉತ್ತರ ಮೊದಲೇ ಕೈಗೆ ಸಿಕ್ಕಿದರೆ ತಣ್ಣಗಾಗುತ್ತಾರೆ. ಕೆಟ್ಟ ಸುದ್ದಿಯನ್ನಂತೂ ಮುಚ್ಚಿಡಬೇಡಿ. ಶುಕ್ರವಾರ ಆಗಲ್ಲ ಅಂತ ಬುಧವಾರವೇ ಗೊತ್ತಾದರೆ ಬುಧವಾರವೇ ಹೇಳಿ. ಜೊತೆಗೆ "ಸೋಮವಾರ ಮಧ್ಯಾಹ್ನಕ್ಕೆ ಖಂಡಿತ" ಅಂತ ಇನ್ನೊಂದು ದಿನವನ್ನೂ ಕೊಡಿ.

ಹೆಜ್ಜೆ 5: ಎದುರು ಕೂತು ಮಾತಾಡಿ

ಇದಕ್ಕೆ ಎಲ್ಲರೂ ಹೆದರುತ್ತಾರೆ. ಆದರೆ ಬಾಸ್‌ಗೇ ಹೇಳದೆ ಎಚ್‌ಆರ್ ಹತ್ತಿರ ಹೋದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆಯೇ "ನೀವು ಅವರ ಜೊತೆ ಮಾತಾಡಿದ್ದೀರಾ?"

ಬೈಸಿಕೊಂಡ ದಿನ ಬೇಡ. ಒಂದು ರಾತ್ರಿ ಕಳೆಯಲಿ. ಅವರು ಶಾಂತವಾಗಿರುವ ಹೊತ್ತು ನೋಡಿ, "ಸರ್, ಹತ್ತು ನಿಮಿಷ ಬೇಕಿತ್ತು, ನಾಳೆ ಬೆಳಿಗ್ಗೆ ಆಗುತ್ತಾ?" ಅಂತ ಕೇಳಿ. ಹೋದಾಗ ಹಳೇ ಪಟ್ಟಿ ಬಿಚ್ಚಬೇಡಿ. ಒಂದು ಘಟನೆ, ಒಂದು ಕೋರಿಕೆ.

"ಸರ್, ಮಂಗಳವಾರದ ಮೀಟಿಂಗ್ ವಿಷಯ. ಕಾಲಂ ಬಿಟ್ಟಿದ್ದು ನನ್ನ ತಪ್ಪು, ಅವತ್ತೇ ಸರಿ ಮಾಡಿದೆ. ಆದ್ರೆ ಎಲ್ಲರ ಎದುರು ಎಮ್ಮೆ ಕಾಯಿ ಅಂದಿದ್ದು ತುಂಬಾ ಬೇಜಾರಾಯ್ತು. ತಪ್ಪಿದ್ರೆ ನನ್ನೊಬ್ಬನನ್ನೇ ಕರೆದು ಹೇಳಿ, ತಿದ್ಕೋತೀನಿ."

ಹೇಳಿ ಸುಮ್ಮನಾಗಿ. ಆ ಮೌನ ತುಂಬಲು ನೀವೇ "ಪರವಾಗಿಲ್ಲ ಬಿಡಿ ಸರ್, ನಾನೇ ಜಾಸ್ತಿ ಅಂದ್ಕೊಂಡೆ ಅನ್ಸುತ್ತೆ" ಅಂತ ಜಾರಿಕೊಳ್ಳಬೇಡಿ. ಕೆಲವರು "ಅಯ್ಯೋ, ಅಷ್ಟೊಂದು ಬೇಜಾರಾಯ್ತಾ?" ಅಂತ ನಿಜಕ್ಕೂ ಆಶ್ಚರ್ಯ ಪಡುತ್ತಾರೆ. ತಾವು ಬೈಯುತ್ತೇವೆ ಅಂತಲೇ ಅವರಿಗೆ ಗೊತ್ತಿರಲ್ಲ. ಕೆಲವರು "ಇದನ್ನೆಲ್ಲ ಮನಸ್ಸಿಗೆ ಹಚ್ಕೊಂಡ್ರೆ ಕೆಲಸ ಮಾಡೋದು ಹೇಗಪ್ಪ" ಅಂತ ನಕ್ಕು ತೇಲಿಸುತ್ತಾರೆ. ಆಗ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ ಎದ್ದು ಬನ್ನಿ. ಬಂದವರೇ ನೋಟ್‌ಬುಕ್‌ನಲ್ಲಿ ಬರೆದಿಡಿ. ಮಾತಾಡಿದ್ದೂ ದಾಖಲೆಯೇ.

ಏಕವಚನದ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ವಯಸ್ಸಿನಲ್ಲಿ ಹಿರಿಯರು ಪ್ರೀತಿಯಿಂದ "ಏನೋ" ಅನ್ನುವುದು ಬೇರೆ, ನಿಮಗಿಂತ ಚಿಕ್ಕವರು ಅಧಿಕಾರ ಇದೆ ಅಂತ "ಬಾರೇ ಇಲ್ಲಿ" ಅನ್ನುವುದು ಬೇರೆ. ಎರಡನೆಯದಕ್ಕೆ ಕೂಡಲೇ, ನಗುಮುಖದಲ್ಲೇ, "ಸರ್, ಹೆಸರು ಹಿಡಿದು ಕರೀರಿ, ಬಾರೇ ಹೋಗೇ ಬೇಡ" ಅಂದುಬಿಡಿ. ಮೊದಲ ಸಲ ಸುಮ್ಮನಿದ್ದರೆ ಹತ್ತನೇ ಸಲ ಹೇಳೋದು ಕಷ್ಟ.

ಬೈಗುಳ ನಡೆಯುತ್ತಿರುವ ಹೊತ್ತಿನಲ್ಲಿ ಏನು ಮಾಡೋದು? ವಾದ ಬೇಡ, ಅಳು ತಡೆಯಲಾಗದಿದ್ದರೆ ನಾಚಿಕೆಯೂ ಬೇಡ. "ಸರ್, ವಿಷಯ ಅರ್ಥವಾಯ್ತು. ಹತ್ತು ನಿಮಿಷದಲ್ಲಿ ಸರಿ ಮಾಡಿ ತರ್ತೀನಿ" ಅಂತ ಹೇಳಿ ಆ ಜಾಗದಿಂದ ಹೊರಡಿ. ಕೂಗುವವರಿಗೆ ಎದುರಿಗೆ ಯಾರಾದರೂ ನಿಂತಿರಬೇಕು.

ಫ್ಲೋರ್‌ನಲ್ಲಿ ಕೆಲಸ ಮಾಡುವವರಿಗೆ ಹತ್ತು ನಿಮಿಷದ ಮೀಟಿಂಗ್ ಎಲ್ಲಿ ಸಿಗುತ್ತೆ, ಅಲ್ವಾ? ಅಲ್ಲಿ ಒಬ್ಬರೇ ಹೋಗಬೇಡಿ. ಊಟದ ಬಿಡುವಿನಲ್ಲಿ ಲೈನಿನ ಮೂರ್ನಾಲ್ಕು ಜನ ಸೇರಿ ಹೋಗಿ, ಲೈನಿನಲ್ಲಿ ಹಿರಿಯ ಅಕ್ಕ ಯಾರಿದ್ದಾರೋ ಅವರು ಮಾತಾಡಲಿ. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು ಅಂತ ಕಾನೂನಿದೆ. ಅದರಲ್ಲಿ ಮಾಲೀಕರ ಕಡೆಯವರಷ್ಟೇ ಕಾರ್ಮಿಕರ ಕಡೆಯವರೂ ಇರಬೇಕು. ನಿಮ್ಮ ಕಡೆಯ ಸದಸ್ಯರು ಯಾರು ಅಂತ ಮೊದಲು ತಿಳಿದುಕೊಳ್ಳಿ. ಎಷ್ಟೋ ಕಡೆ ಹೆಸರು ನೋಟಿಸ್ ಬೋರ್ಡ್‌ನಲ್ಲಿ ಇರುತ್ತೆ, ಸದಸ್ಯರಿಗೇ ತಾವು ಸದಸ್ಯರು ಅಂತ ಗೊತ್ತಿರಲ್ಲ.

ಹೆಜ್ಜೆ 6: ಮೇಲಕ್ಕೆ ಹೋಗುವಾಗ

ಮಾತಾಡಿಯೂ ಬದಲಾಗಲಿಲ್ಲ ಅಂದರೆ ಮೇಲೆ ಹೇಳಲೇಬೇಕು. ಒಂದು ವಿಷಯ ಮಾತ್ರ ತಲೆಯಲ್ಲಿರಲಿ. ಎಚ್‌ಆರ್‌ನವರು ಕೆಟ್ಟವರಲ್ಲ, ಆದರೆ ಅವರಿಗೆ ಸಂಬಳ ಕೊಡುವುದು ಕಂಪನಿ. ಅವರ ಹತ್ತಿರ ಅಳಲು ಹೋಗಬೇಡಿ, ಕೆಲಸ ಮಾಡಿಸಿಕೊಳ್ಳಲು ಹೋಗಿ. ಮೂರು ನಾಲ್ಕು ಘಟನೆ ದಿನಾಂಕದ ಸಮೇತ, ನೀವು ಮಾತಾಡಿದ್ದು ಯಾವಾಗ, ಅದರಿಂದ ಕೆಲಸಕ್ಕೆ ಏನು ತೊಂದರೆಯಾಗಿದೆ, ನಿಮಗೆ ಏನು ಬೇಕು. ಕೊನೆಯದನ್ನು ಜನ ಮರೆಯುತ್ತಾರೆ. ಬೇರೆ ಟೀಮ್ ಬೇಕಾ, ಬೇರೆ ಶಿಫ್ಟಾ, ಅಪ್ರೈಸಲ್‌ನಲ್ಲಿ ಇನ್ನೊಬ್ಬರು ಕೂರಬೇಕಾ, ಸ್ಪಷ್ಟವಾಗಿ ಬರೆಯಿರಿ. ಒಂದು ಪುಟ ಮೀರಬಾರದು. ಮೇಲ್‌ನಲ್ಲೇ ಕೊಡಿ. ಕಾಗದದಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ದಿನಾಂಕ ಹಾಕಿಸಿಕೊಳ್ಳಿ.

ಬಾಸ್ ಕೈಗೆ ಇನ್ನೊಂದು ಅಸ್ತ್ರ ಇದೆ, ಪಿಐಪಿ. ಕೆಲಸ ಸುಧಾರಿಸಿಕೊಳ್ಳಲು ಕೊಡುವ ಗಡುವು ಅಂತ ಹೆಸರು, ಎಷ್ಟೋ ಸಲ ಹೊರಗೆ ಕಳಿಸುವ ತಯಾರಿ. ಬಂದರೆ ಗಾಬರಿಯಾಗಬೇಡಿ. ಗುರಿ ಏನು, ಅಳೆಯುವುದು ಹೇಗೆ, ಯಾವ ದಿನದೊಳಗೆ ಅಂತ ಬರಹದಲ್ಲಿ ಕೇಳಿ. ಪ್ರತಿ ವಾರ ಏನು ಮುಗಿಸಿದಿರಿ ಅಂತ ನೀವೇ ಬರೆದು ಕಳಿಸಿ. ರೂಮಿಗೆ ಕರೆದು "ಈಗಲೇ ರಾಜೀನಾಮೆಗೆ ಸಹಿ ಹಾಕು, ಇಲ್ಲಾಂದ್ರೆ ಟರ್ಮಿನೇಟ್ ಮಾಡ್ತೀವಿ, ಮುಂದೆ ಎಲ್ಲೂ ಕೆಲಸ ಸಿಗಲ್ಲ" ಅಂತ ಹೆದರಿಸಿದರೆ, ಅಲ್ಲೇ ಸಹಿ ಹಾಕಬೇಡಿ. "ಮನೆಯಲ್ಲಿ ಮಾತಾಡಿ ನಾಳೆ ಹೇಳ್ತೀನಿ" ಅಂತ ಎದ್ದು ಬನ್ನಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಐಟಿ ಕಂಪನಿಗಳೂ ಇದರ ಕೆಳಗೇ ಬರುತ್ತವೆ. ಆರು ತಿಂಗಳು ಸತತ ಕೆಲಸ ಮಾಡಿದ ನೌಕರರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವ ಹಾಗಿಲ್ಲ ಅಂತ ಅದು ಹೇಳುತ್ತೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಎರಡು ಪಟ್ಟು ಕೂಲಿ ಅನ್ನುವುದೂ ಇದೇ ಕಾಯ್ದೆಯಲ್ಲಿದೆ. ರಾತ್ರಿ ಹತ್ತಕ್ಕೆ ಲಾಗಿನ್ ಆಗಿ ಅನ್ನುವ ಬಾಸ್‌ಗೆ ಇದು ಗೊತ್ತಿರಲ್ಲ, ಅಥವಾ ಗೊತ್ತಿದ್ದೂ ಮರೆತಿರುತ್ತಾರೆ.

ರಾಜ್ಯ ಸರ್ಕಾರ 2024ರಲ್ಲಿ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ನೌಕರಿಯ ಷರತ್ತು, ಶಿಸ್ತಿನ ನಿಯಮಗಳನ್ನು ಬರಹದಲ್ಲಿ ನಿಗದಿ ಮಾಡಬೇಕು ಅನ್ನುವ ಕಾಯ್ದೆ) ಇನ್ನೂ ಐದು ವರ್ಷ ವಿನಾಯ್ತಿ ಕೊಟ್ಟಾಗ ಷರತ್ತು ಹಾಕಿತ್ತು. ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು, ನೌಕರರ ಮೇಲೆ ತೆಗೆದುಕೊಂಡ ಶಿಸ್ತು ಕ್ರಮವನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಒಳಗೆ ಯಾರೂ ಕೇಳಲಿಲ್ಲ ಅಂದರೆ ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದೆ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿಗಳ ಕಚೇರಿ ಇದೆ. ಐಟಿ ನೌಕರರಿಗೆ 2017ರಿಂದ ಕಿಟು ಅನ್ನುವ ಸಂಘವೂ ಇದೆ. ಸಂಘ ಅಂದ ಕೂಡಲೇ ಮೂಗು ಮುರಿಯುವ ಇಂಜಿನಿಯರ್‌ಗಳು ಬಹಳ. ಕೆಲಸ ಹೋಗುವ ಹೊತ್ತಿಗೆ ಅವರೇ ನಂಬರ್ ಹುಡುಕುತ್ತಾರೆ.

ಈಗ ಕಾಯಬಾರದ ವಿಷಯಗಳಿಗೆ ಬರೋಣ.

ಬಾಸ್ ಮೈ ಮುಟ್ಟುವುದು, ಅಶ್ಲೀಲ ಮಾತು, ಮೆಸೇಜ್, "ನನ್ನ ಜೊತೆ ಬಂದ್ರೆ ಪ್ರಮೋಷನ್" ಅನ್ನುವ ಆಮಿಷ, ಇವಕ್ಕೆಲ್ಲ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅದರ ಅಧ್ಯಕ್ಷತೆ ಮಹಿಳೆಯದೇ ಆಗಿರಬೇಕು, ಹೊರಗಿನ ಸದಸ್ಯರೂ ಇರಬೇಕು. 10ಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ಕಾಟ ಕೊಡುವವರೇ ಮಾಲೀಕರಾದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮನೆಗೆಲಸದವರಿಗೂ ಈ ಕಾಯ್ದೆ ಅನ್ವಯಿಸುತ್ತೆ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಬರಹದಲ್ಲಿ ಹೋಗಬೇಕು. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲ ಇದರಲ್ಲಿದೆ. ವಿಚಾರಣೆ ನಡೆಯುವಾಗ ಆ ಬಾಸ್ ನಿಮ್ಮ ಕೆಲಸಕ್ಕೆ ರೇಟಿಂಗ್ ಕೊಡದ ಹಾಗೆ, ಗೌಪ್ಯ ವರದಿ ಬರೆಯದ ಹಾಗೆ ತಡೆಯಿರಿ, ಆ ಕೆಲಸ ಬೇರೆ ಅಧಿಕಾರಿಗೆ ಕೊಡಿ ಅಂತ ನೀವು ಲಿಖಿತವಾಗಿ ಕೇಳಬಹುದು. ಬೇರೆ ಕಡೆಗೆ ವರ್ಗ, ಮೂರು ತಿಂಗಳವರೆಗೆ ಹೆಚ್ಚುವರಿ ರಜೆಯನ್ನೂ ಕೇಳಬಹುದು. "ದೂರು ಕೊಟ್ರೆ ಅಪ್ರೈಸಲ್‌ನಲ್ಲಿ ಸೇಡು ತೀರಿಸಿಕೊಳ್ತಾರೆ" ಅಂತ ಹೆದರಿ ಸುಮ್ಮನಿರುವವರು ಇದನ್ನು ದೂರಿನಲ್ಲೇ ಸೇರಿಸಿ ಕೇಳಿ.

ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರಿಗೆ ಕಾಣುವ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅದು ಅಪರಾಧ. ಅದಕ್ಕೆ ಪೊಲೀಸ್ ಠಾಣೆಯೇ ದಾರಿ, ಎಚ್‌ಆರ್ ಅಲ್ಲ. ಸಾಕ್ಷಿಗಳ ಹೆಸರು ಇಲ್ಲಿ ಬಹಳ ಮುಖ್ಯ, ಅದಕ್ಕೇ ಆ ನೋಟ್‌ಬುಕ್.

ಹೆಜ್ಜೆ 7: ಮನೆಗೆ ಬಾಸ್‌ನ ಕರ್ಕೊಂಡು ಬರಬೇಡಿ

ಹೇಳೋದು ಸುಲಭ, ಗೊತ್ತು. ಆದರೂ ಆಫೀಸಿನ ಗುಂಪುಗಳನ್ನು ರಾತ್ರಿ ಮ್ಯೂಟ್ ಮಾಡಿ. ಫೋನ್ ಎತ್ತಲಾಗದಿದ್ದರೆ ಬೆಳಿಗ್ಗೆ ಮೊದಲು ನೀವೇ ಕರೆ ಮಾಡಿ. ಒಂದು ತಿಂಗಳಲ್ಲಿ ಅವರಿಗೂ ಅಭ್ಯಾಸ ಆಗುತ್ತೆ. ಮನೆಯವರ ಹತ್ತಿರ ಮುಚ್ಚಿಡಬೇಡಿ, ಹಾಗಂತ ದಿನಾ ಊಟದ ಹೊತ್ತಿಗೆ ಅದೇ ಪುರಾಣವೂ ಬೇಡ.

ನಿದ್ದೆ ಬರುತ್ತಿಲ್ಲ, ಬೆಳಿಗ್ಗೆ ಬಸ್ ಹತ್ತುವಾಗ ಎದೆ ಹೊಡೆದುಕೊಳ್ಳುತ್ತೆ, ಯಾವುದೂ ಬೇಡ ಅನ್ನಿಸುತ್ತೆ ಅಂದರೆ ತಡ ಮಾಡಬೇಡಿ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲಿ ಮಾತಾಡಬಹುದು. 2022ರಲ್ಲಿ ಶುರುವಾದ ಇದಕ್ಕೆ ನಮ್ಮ ನಿಮ್ಹಾನ್ಸ್‌ನದೇ ಮುಂದಾಳತ್ವ.

ಹೆಜ್ಜೆ 8: ಬಿಡುವುದೇ ಸರಿ ಅನ್ನಿಸಿದರೆ

ಎಲ್ಲ ಮಾಡಿಯೂ ಆಗಲಿಲ್ಲ ಅಂದರೆ ಬಿಡಿ. ಅದು ಸೋಲಲ್ಲ. ಆದರೆ ಲೆಕ್ಕ ಹಾಕಿ ಬಿಡಿ. ಇನ್ನೊಂದು ಕಡೆಯ ಆಫರ್ ಕಾಗದ ಕೈಗೆ ಬರಲಿ, ಬರೀ "ಓಕೆ ಆಗಿದೆ" ಅನ್ನುವ ಫೋನ್ ನಂಬಬೇಡಿ. ಅದಾಗದಿದ್ದರೆ ಮೂರು ನಾಲ್ಕು ತಿಂಗಳ ಮನೆ ಖರ್ಚು ಪಕ್ಕಕ್ಕಿಡಿ. ಐದು ವರ್ಷ ತುಂಬಲು ಸ್ವಲ್ಪವೇ ಬಾಕಿ ಇದ್ದರೆ ಹಲ್ಲು ಕಚ್ಚಿ ತಡೆದುಕೊಳ್ಳಿ, ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಸಣ್ಣ ದುಡ್ಡಲ್ಲ.

ರಾಜೀನಾಮೆ ಪತ್ರ ಮೂರು ಸಾಲು ಸಾಕು. ಯಾವ ಹುದ್ದೆ, ಯಾವ ದಿನದಿಂದ, ನೋಟಿಸ್ ಅವಧಿ ಎಷ್ಟು. ಡ್ರಾಫ್ಟ್‌ನಲ್ಲಿರುವ ಆ ಎರಡು ಪುಟದ ಕೋಪವನ್ನು ಅಳಿಸಿಹಾಕಿ. ಅದನ್ನು ಓದುವವರು ಅದೇ ಬಾಸ್, ರಿಲೀವಿಂಗ್ ಲೆಟರ್‌ಗೆ ಸಹಿ ಹಾಕಬೇಕಾದವರೂ ಅವರೇ. ಪತ್ರ ಕೊಡುವ ಮುಂಚೆ ಸಂಬಳದ ಚೀಟಿಗಳು, ಫಾರ್ಮ್ 16, ಅಪ್ರೈಸಲ್ ಪತ್ರಗಳು, ಪಿಎಫ್‌ನ ಯುಎಎನ್ ನಂಬರ್ ಎಲ್ಲ ತೆಗೆದಿಟ್ಟುಕೊಳ್ಳಿ. ಯುಎಎನ್‌ಗೆ ನಿಮ್ಮ ಸ್ವಂತ ಮೊಬೈಲ್ ನಂಬರ್ ಜೋಡಣೆ ಆಗಿದೆಯಾ ನೋಡಿ. ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದೆ ಸತಾಯಿಸಿದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ನೀವೇ ನಮೂದಿಸಬಹುದು. ಕೊನೆಯ ಸಂಬಳವನ್ನು ಒಂದೂವರೆ ತಿಂಗಳು ಎಳೆಯುವುದು ಹಳೇ ರೂಢಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಮೇಲ್‌ನಲ್ಲಿ ಇದನ್ನು ನಯವಾಗಿ ನೆನಪಿಸಿ.

ಹೊಸ ಕಡೆ "ಹಳೇ ಕೆಲಸ ಯಾಕೆ ಬಿಡ್ತಿದ್ದೀರಿ?" ಅಂತ ಕೇಳಿಯೇ ಕೇಳುತ್ತಾರೆ. ಬಾಸ್ ಪುರಾಣ ಬೇಡ. ಅಲ್ಲಿ ಕಲಿಯಬೇಕಾದ್ದು ಕಲಿತೆ, ಈಗ ಇಂಥ ಕೆಲಸ ಮಾಡಬೇಕು ಅಂತಿದ್ದೀನಿ ಅಂದರೆ ಸಾಕು. ಆಮೇಲೆ ಅವರು "ನೀವೇನಾದ್ರೂ ಕೇಳಬೇಕಾ?" ಅಂದಾಗ ತಲೆ ಅಲ್ಲಾಡಿಸಿ ಎದ್ದು ಬರಬೇಡಿ. "ಈ ಜಾಗದಲ್ಲಿ ಮುಂಚೆ ಇದ್ದವರು ಈಗ ಎಲ್ಲಿದ್ದಾರೆ? ನಾನು ಯಾರಿಗೆ ರಿಪೋರ್ಟ್ ಮಾಡ್ಬೇಕು, ಅವರ ಟೀಮಿನಲ್ಲಿ ಹಳಬರು ಎಷ್ಟು ಜನ ಇದ್ದಾರೆ?" ಅಂತ ಕೇಳಿ. ಮುಂಚಿನವರು ಒಳಗೇ ಮೇಲಕ್ಕೆ ಹೋಗಿದ್ದಾರೆ ಅಂದರೆ ಒಳ್ಳೆಯದು. ಕೇಳಿದ ಕೂಡಲೇ ಎದುರಿಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತು ಬದಲಿಸಿದರೆ, ಸಂಬಳ ಎಷ್ಟೇ ಜಾಸ್ತಿ ಹೇಳಲಿ, ಆ ಟೀಮಿನಲ್ಲಿ ಕೆಲಸ ಮಾಡಿ ಬಿಟ್ಟವರೊಬ್ಬರನ್ನು ಹುಡುಕಿ ಮಾತಾಡಿಸಿದ ಮೇಲೆಯೇ ಸಹಿ ಹಾಕಿ.